ರೊನಾಲ್ಡ್ ಕೋಲ್ಮನ್: ಸಿನಿಮಾ ನಟನೋ, ರೇಡಿಯೋ ನಟನೋ?

ಹಳೆರೀಲು
ಎಲ್ಲರಿಗೂ ನಮಸ್ಕಾರ. ಫ್ರಾಂಕ್ ಕಾಪ್ರಾ ಅವರ ಲಾಸ್ಟ್ ಹೊರೈಜನ್ (1937) ಚಿತ್ರದ ದುರಸ್ತಿ ಮಾಡಿದ ಪ್ರತಿ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಬಿಡುಗಡೆ ಆದ ಮೇಲೆ ಆ ಚಿತ್ರಕ್ಕೆ ಸಿಕ್ಕಾಪಟ್ಟೆ ಕತ್ತರಿ ಬಿದ್ದಿತ್ತು. 1973ರಿಂದ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಕಳೆದುಹೋದ ತುಣುಕುಗಳನ್ನು ಹುಡುಕಲು ಶುರು ಮಾಡಿದರು. 132 ನಿಮಿಷದ ಧ್ವನಿ ಪೂರ್ತಿ ಸಿಕ್ಕಿತು. ದೃಶ್ಯದಲ್ಲಿ ಮಾತ್ರ ಸುಮಾರು 7 ನಿಮಿಷ ಸಿಗಲೇ ಇಲ್ಲ. ಆ ಜಾಗಕ್ಕೆ ಸ್ಟಿಲ್ ಫೋಟೋಗಳನ್ನು ಹಾಕಿ, ಅದರ ಮೇಲೆ ಮಾತು ಓಡಿಸಿದ್ದಾರೆ.

ಫೋಟೋ ಬಂದ ಕೂಡಲೇ ಬೇರೆ ನಟರ ದೃಶ್ಯ ಸತ್ತು ಹೋಗುತ್ತದೆ. ರೊನಾಲ್ಡ್ ಕೋಲ್ಮನ್ ಮಾತಾಡುವಾಗ ಮಾತ್ರ ಹಾಗಾಗುವುದಿಲ್ಲ. ಚಿತ್ರ ನಿಂತಿದೆ ಅನ್ನುವುದೇ ಮರೆತು ಹೋಗುತ್ತದೆ.

ಅದಾದ ಮೇಲೆ ಅವರ ರೇಡಿಯೋ ಕಾರ್ಯಕ್ರಮಗಳನ್ನು ಕೇಳಲು ಕೂತೆ. ಈಗ ನನ್ನ ವಾದ ಇಷ್ಟು: ಕೋಲ್ಮನ್ ಮೂಲತಃ ದನಿಯ ನಟ. ಸಿನಿಮಾದವರು ಅವರನ್ನು ಮೀಸೆ ಇರುವ ಸುಂದರ ಅಂತ ಮಾರಿದರು, ಅಷ್ಟೇ. ಆಸ್ಕರ್ ಗೆದ್ದ ಮನುಷ್ಯನ ಹೆಸರು ಇವತ್ತು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅದಕ್ಕೂ ಇದೇ ಕಾರಣ ಇರಬಹುದು. ರೇಡಿಯೋ ಜೊತೆಗೆ ಅವರೂ ಹೋದರು. ಏನಂತೀರಿ?

ಕೋಣನಕುಂಟೆ_ಕೇಳುಗ
ನೂರಕ್ಕೆ ನೂರು ಒಪ್ಪುತ್ತೇನೆ. ಅವರ ರೇಡಿಯೋ ಸರಣಿ ದಿ ಹಾಲ್ಸ್ ಆಫ್ ಐವಿ ಕೇಳಿದವರು ಬೇರೆ ಮಾತೇ ಆಡಲ್ಲ.

ಗಾಂಧಿಬಜಾರ್
ಯಾರಪ್ಪಾ ಇವರು? ಬೊಗಾರ್ಟ್, ಗೇಬಲ್, ಕ್ಯಾರಿ ಗ್ರಾಂಟ್ ಗೊತ್ತು. ಇವರ ಹೆಸರು ಇದೇ ಮೊದಲು ಕೇಳ್ತಿರೋದು. ಅಮೆರಿಕದವರಾ?

ಲೆಸ್ಟರ್_ಕನ್ನಡಿಗ
ಅಲ್ಲ, ಅಪ್ಪಟ ಇಂಗ್ಲಿಷಿನವರು. 1891ರ ಫೆಬ್ರವರಿ 9, ಸರ್ರೆಯ ರಿಚ್ಮಂಡ್‌ನಲ್ಲಿ ಹುಟ್ಟಿದ್ದು. ಅಪ್ಪ ರೇಷ್ಮೆ ವ್ಯಾಪಾರಿ. ಮಗನಿಗೆ ಕೇಂಬ್ರಿಡ್ಜ್‌ನಲ್ಲಿ ಇಂಜಿನಿಯರಿಂಗ್ ಓದುವ ಆಸೆ ಇತ್ತು. 16ನೇ ವಯಸ್ಸಿನಲ್ಲಿ ಅಪ್ಪ ತೀರಿಕೊಂಡರು, ಓದು ಅಲ್ಲಿಗೇ ನಿಂತಿತು. ಲಂಡನ್ನಿನ ಒಂದು ಹಡಗು ಕಂಪನಿಯಲ್ಲಿ ಗುಮಾಸ್ತಿಕೆ. ಸಂಜೆ ಹೊತ್ತು ಹವ್ಯಾಸಿ ನಾಟಕ.

ಬಿಡುವಿನ ವೇಳೆ ತರಬೇತಿ ಕೊಡುವ ಲಂಡನ್ ಸ್ಕಾಟಿಷ್ ಪಡೆಗೆ 1909ರಲ್ಲೇ ಸೇರಿದ್ದರು. 1914ರಲ್ಲಿ ಯುದ್ಧ ಶುರುವಾಯಿತು, ಕರೆ ಬಂತು. ಅಕ್ಟೋಬರ್ 31ರಂದು ಬೆಲ್ಜಿಯಂನ ಮೆಸೀನ್ ಹತ್ತಿರದ ಕಾಳಗದಲ್ಲಿ ಗುಂಡಿನ ಚೂರು ಕಾಲಿನ ಗಿಣ್ಣಿಗೆ ಬಡಿಯಿತು. ಮುಂದಿನ ವರ್ಷ ಸೇನೆಯಿಂದ ಬಿಡುಗಡೆ. ಆ ಕುಂಟು ಜೀವನಪೂರ್ತಿ ಉಳಿಯಿತು. ತೆರೆಯ ಮೇಲೆ ಅದು ಕಾಣದ ಹಾಗೆ ನಡೆಯುವುದನ್ನು ಅವರು ಕಲಿತುಕೊಂಡರು. ಗೊತ್ತಿದ್ದು ನೋಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ನಾಟಕದ_ಹುಚ್ಚು
ಅದೇ ಲಂಡನ್ ಸ್ಕಾಟಿಷ್‌ನಲ್ಲಿ ಇನ್ನೂ ಯಾರಿದ್ದರು ನೋಡಿ. ಕ್ಲಾಡ್ ರೇನ್ಸ್ ಇದ್ದರು, ಹರ್ಬರ್ಟ್ ಮಾರ್ಷಲ್ ಇದ್ದರು, ಬ್ಯಾಸಿಲ್ ರಾಥ್‌ಬೋನ್ ಕೂಡ ಮೊದಲು ಸೇರಿದ್ದು ಅಲ್ಲೇ. ವಿಷಾನಿಲದಿಂದ ರೇನ್ಸ್ ಅವರ ಒಂದು ಕಣ್ಣಿನ ದೃಷ್ಟಿ ಹೆಚ್ಚುಕಮ್ಮಿ ಹೋಯಿತು. ಮಾರ್ಷಲ್ ಒಂದು ಕಾಲನ್ನೇ ಕಳೆದುಕೊಂಡರು, ಮರದ ಕಾಲಿನಲ್ಲೇ ದಶಕಗಟ್ಟಲೆ ನಾಯಕನ ಪಾತ್ರ ಮಾಡಿದರು. ನಾಲ್ಕೂ ಜನ ಮುಂದೆ ಹಾಲಿವುಡ್‌ಗೆ ಹೋದರು. ನಾಲ್ಕೂ ಜನ ದನಿಗೆ ಹೆಸರಾದರು. ರೇನ್ಸ್ ಅವರ ಮೊದಲ ದೊಡ್ಡ ಚಿತ್ರದಲ್ಲಂತೂ ಕೊನೆಯ ಕ್ಷಣದ ತನಕ ಮುಖವೇ ಕಾಣಲ್ಲ, ಅದೃಶ್ಯ ಮನುಷ್ಯನ ಪಾತ್ರ. ರಾಥ್‌ಬೋನ್ ರೇಡಿಯೋದಲ್ಲಿ ವರ್ಷಗಟ್ಟಲೆ ಷರ್ಲಾಕ್ ಹೋಮ್ಸ್ ಆಗಿದ್ದರು. ಮಾರ್ಷಲ್‌ಗೂ ಸ್ವಂತ ರೇಡಿಯೋ ಸರಣಿ ಇತ್ತು.

ಹಾಗಾಗಿ ಇದನ್ನು ಕೋಲ್ಮನ್ ಒಬ್ಬರ ಕಥೆ ಅಂತ ನೋಡಬೇಡಿ. ಲಂಡನ್ ರಂಗಭೂಮಿಯಲ್ಲಿ ಪಳಗಿದ ಒಂದು ಪೀಳಿಗೆ ಅದು. ಟಾಕಿ ಬಂದಾಗ ಮಾತು ಬಲ್ಲವರು ಹಾಲಿವುಡ್‌ಗೆ ಅರ್ಜೆಂಟಾಗಿ ಬೇಕಾಗಿದ್ದರು.

ಮೂಕಿಪ್ರೇಮಿ
ಹಳೆರೀಲು ಅವರೇ, ನಿಮ್ಮ ವಾದದಲ್ಲಿ ಒಂದು ದೊಡ್ಡ ತೂತಿದೆ. ಟಾಕಿ ಬರುವ ಮೊದಲೇ ಕೋಲ್ಮನ್ ದೊಡ್ಡ ಸ್ಟಾರ್! 1923ರ ದಿ ವೈಟ್ ಸಿಸ್ಟರ್‌ನಿಂದ 1929ರ ತನಕ ಅವರು ಒಂದಕ್ಷರ ಮಾತಾಡದೆ ಜನರನ್ನು ಥಿಯೇಟರ್‌ಗೆ ಎಳೆದರು. ದನಿಯ ನಟ ಅನ್ನುವುದಾದರೆ ಈ ಆರು ವರ್ಷ ಎಲ್ಲಿ ಇಡುತ್ತೀರಿ?

1920ರಲ್ಲಿ ಅಮೆರಿಕಕ್ಕೆ ಹೋದಾಗ ಕೈಯಲ್ಲಿ ಕಾಸಿರಲಿಲ್ಲ. ಊರೂರು ಸುತ್ತುವ ನಾಟಕಗಳಲ್ಲಿ ಕೆಲಸ ಮಾಡಿದರು. 1922ರಲ್ಲಿ ಬ್ರಾಡ್‌ವೇಯ ಒಂದು ನಾಟಕದಲ್ಲಿ ನಿರ್ದೇಶಕ ಹೆನ್ರಿ ಕಿಂಗ್ ಕಣ್ಣಿಗೆ ಬಿದ್ದರು. ಕಿಂಗ್ ಅವರಿಗೆ ಲಿಲಿಯನ್ ಗಿಶ್ ಎದುರಿಗೆ ಒಬ್ಬ ಇಟಾಲಿಯನ್ ಅಧಿಕಾರಿ ಬೇಕಿತ್ತು. ಸ್ಕ್ರೀನ್ ಟೆಸ್ಟ್‌ಗೆ ಕೂರಿಸಿ, ಪೆನ್ಸಿಲ್‌ನಿಂದ ಮೀಸೆ ಬರೆದು ನೋಡಿದರು. ಆ ತೆಳು ಮೀಸೆ ಅಲ್ಲಿಂದ ಬಂದದ್ದು. ಇಟಲಿಯಲ್ಲೇ ಶೂಟಿಂಗ್.

ಆಮೇಲೆ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್ವಿನ್ ಜೊತೆ ಒಪ್ಪಂದ, ವಿಲ್ಮಾ ಬ್ಯಾಂಕಿ ಜೊತೆ ಐದು ಚಿತ್ರ. ಜನ ಹುಚ್ಚೆದ್ದು ನೋಡಿದ ಜೋಡಿ ಅದು. ನಿರ್ದೇಶಕ ಲುಬಿಟ್ಶ್ ಅವರ ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್ (1925) ನೋಡಿ ಬನ್ನಿ, ಆಮೇಲೆ ಮಾತಾಡೋಣ. ಆ ಚಿತ್ರದಲ್ಲಿ ಅವರು ಸುಮ್ನೆ ನಿಂತು ನೋಡುವ ರೀತಿಯೇ ಸಾಕು.

ಹಳೆರೀಲು
@ಮೂಕಿಪ್ರೇಮಿ, ಒಳ್ಳೆ ಪ್ರಶ್ನೆ. ಆದರೆ ಅದೇ ವಿಲ್ಮಾ ಬ್ಯಾಂಕಿಯ ಕಥೆ ಏನಾಯಿತು? 1925ರಲ್ಲಿ ಗೋಲ್ಡ್ವಿನ್ ಬುಡಾಪೆಸ್ಟ್‌ನಿಂದ ಕರೆತಂದ ನಟಿ. ಮೂಕಿಯಲ್ಲಿ ಇಬ್ಬರೂ ಸರಿಸಮ. ಮಾತು ಬಂದ ಮೇಲೆ ಹಂಗೇರಿಯನ್ ಉಚ್ಚಾರ ಅಡ್ಡ ಬಂತು, ಕೆಲವೇ ವರ್ಷದಲ್ಲಿ ಅವರ ಸಿನಿಮಾ ಬದುಕು ಮುಗಿಯಿತು. ಕೋಲ್ಮನ್ ಇನ್ನಷ್ಟು ಮೇಲೆ ಹೋದರು. ಇಬ್ಬರ ನಡುವೆ ವ್ಯತ್ಯಾಸ ಮಾಡಿದ್ದು ದನಿ ಅಲ್ಲದೆ ಇನ್ನೇನು?

ಮೂಕಿಪ್ರೇಮಿ
ಉಚ್ಚಾರ ಬೇರೆ, ದನಿಯ ನಟನೆ ಬೇರೆ. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದ ಎಷ್ಟೋ ನಟರೂ ಟಾಕಿಯಲ್ಲಿ ಮುಳುಗಿದರು. ಮೂಕಿಯ ದೊಡ್ಡ ಸ್ಟಾರ್ ಜಾನ್ ಗಿಲ್ಬರ್ಟ್‌ಗೆ ಏನಾಗಿತ್ತು? ಮಾತಾಡಲು ಬರುತ್ತಿರಲಿಲ್ಲವೇ? ಕೋಲ್ಮನ್ ಉಳಿದದ್ದು ಮೂಕಿಯಲ್ಲಿ ಕಲಿತ ಹಿಡಿತದಿಂದ. ಅವರು ಆಗಲೂ ಕಣ್ಣರಳಿಸಿ, ಕೈ ಬೀಸಿ ಆಡುತ್ತಿರಲಿಲ್ಲ. ಮೈಕ್ ಮುಂದೆಯೂ ಅದನ್ನೇ ಮಾಡಿದರು.

ಧಾರವಾಡ_ಪೇಡಾ
ಇಬ್ರೂ ಒಂದೇ ಮಾತು ಹೇಳಾಕತ್ತೀರಿ, ಸುಮ್ನ ಯಾಕ ಜಗಳಾಡ್ತೀರಿ 😄

ನಾಟಕದ_ಹುಚ್ಚು
ಇಲ್ಲ, ಎರಡೂ ಒಂದೇ ಅಲ್ಲ. ಇದು ಮುಖ್ಯವಾದ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವರ ಮೊದಲ ಟಾಕಿ ಬುಲ್‌ಡಾಗ್ ಡ್ರಮಂಡ್, 1929. ಆಗಿನ ಕಾಲದ ಧ್ವನಿಗ್ರಹಣ ಹೇಗಿತ್ತು ಅಂತ ನೆನಪಿಸಿಕೊಳ್ಳಿ. ಕ್ಯಾಮೆರಾದ ಸದ್ದು ಕೇಳಬಾರದು ಅಂತ ಅದನ್ನು ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸುತ್ತಿದ್ದರು. ಮೈಕ್ ಅನ್ನು ಸೆಟ್‌ನಲ್ಲಿ ಎಲ್ಲೋ ಬಚ್ಚಿಡುತ್ತಿದ್ದರು. ನಟರು ಅದರ ಹತ್ತಿರವೇ ನಿಂತು ಒಂದೊಂದು ಪದವನ್ನೂ ಒತ್ತಿ ಒತ್ತಿ ಹೇಳುತ್ತಿದ್ದರು, ಪಾಠ ಒಪ್ಪಿಸುವ ಮಕ್ಕಳ ಹಾಗೆ. ಇನ್ನು ರಂಗಭೂಮಿಯಿಂದ ಬಂದವರು ಕೊನೆಯ ಸಾಲಿಗೆ ಕೇಳುವ ಹಾಗೆ ಗಂಟಲು ಎತ್ತುತ್ತಿದ್ದರು.

ಡ್ರಮಂಡ್ ಶುರುವಾಗುವುದು ಲಂಡನ್ನಿನ ಒಂದು ಕ್ಲಬ್‌ನಲ್ಲಿ. ಎಲ್ಲ ಮುದುಕರು, ಪಿಟ್ಟೆನ್ನುವ ಹಾಗಿಲ್ಲ. ಒಬ್ಬ ಮಾಣಿಯ ಕೈಯಿಂದ ಚಮಚ ಜಾರಿ ಬೀಳುತ್ತದೆ. ಠಣ್! ಅಷ್ಟಕ್ಕೇ ಒಬ್ಬ ಮುದುಕ, ಈ ಕ್ಲಬ್‌ನಲ್ಲಿ ಯಾವಾಗಲೂ ಗಲಾಟೆ ಅಂತ ಸಿಡುಕುತ್ತಾನೆ. ಶಬ್ದ ಹೊಸದಾಗಿ ಬಂದಿದ್ದ ಕಾಲದಲ್ಲಿ ಜನ ಆ ಚಮಚಕ್ಕೆ ಎಷ್ಟು ನಕ್ಕಿರಬೇಕು ಯೋಚಿಸಿ. ಅಲ್ಲಿ ಕೂತಿರುವ ಕೋಲ್ಮನ್ ಬಾಯಿ ತೆಗೆದರೆ, ಪಕ್ಕದಲ್ಲಿ ಕೂತವರ ಜೊತೆ ಹರಟೆ ಹೊಡೆದಷ್ಟು ಸಲೀಸು. ಎಲ್ಲೂ ಗಂಟಲು ಎತ್ತುವುದಿಲ್ಲ. ವಾಕ್ಯದ ಮಧ್ಯೆ ಸ್ವಲ್ಪ ತಡೆದು, ಆಗ ತಾನೇ ಹೊಳೆದಂತೆ ಮುಂದಿನ ಪದ ಹೇಳುತ್ತಾರೆ. ಆ ತಡೆಯುವಿಕೆ ಮೂಕಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅದು ದನಿಯ ಕೆಲಸ.

ಆ ಚಿತ್ರಕ್ಕೂ ಅದೇ ವರ್ಷದ ಕಂಡೆಮ್ಡ್ ಚಿತ್ರಕ್ಕೂ ಸೇರಿಸಿ ಅವರ ಹೆಸರು ಆಸ್ಕರ್‌ಗೆ ಹೋಯಿತು.

ಶರಾವತಿ_ದಂಡೆ
ನಮ್ಮ ಕಂಪನಿ ನಾಟಕದವರು ಇದರ ತದ್ವಿರುದ್ಧ ಅಲ್ವಾ? ಗುಬ್ಬಿ ಕಂಪನಿಯಲ್ಲಿ ಪಳಗಿದವರು ಮೈಕ್ ಇಲ್ಲದೆ ಇಡೀ ಟೆಂಟಿಗೆ ಕೇಳಿಸುತ್ತಿದ್ದರು. ಅಲ್ಲಿಂದ ಬಂದ ರಾಜ್‌ಕುಮಾರ್ 1954ರ ಬೇಡರ ಕಣ್ಣಪ್ಪದಲ್ಲಿ ಹೇಗೆ ಮಾತಾಡುತ್ತಾರೆ, ಎಪ್ಪತ್ತರ ದಶಕದ ಸಾಮಾಜಿಕ ಚಿತ್ರಗಳಲ್ಲಿ ಹೇಗೆ ಮಾತಾಡುತ್ತಾರೆ, ಹೋಲಿಸಿ ನೋಡಿ. ದನಿ ಇಳಿಸುವುದನ್ನು ಅವರೂ ನಿಧಾನವಾಗಿ ಕಲಿತರು.

ಗಾಂಧಿಬಜಾರ್
ಶಂಕರ್ ಗುರು ಒಂದೇ ಸಾಕು. ಮೂರು ಪಾತ್ರ, ಮೂರಕ್ಕೂ ಬೇರೆ ಬೇರೆ ಮಾತಿನ ಧಾಟಿ. ಕೋಲ್ಮನ್ ಅದನ್ನು ಮಾಡಿದ್ದಾರಾ?

ಲೆಸ್ಟರ್_ಕನ್ನಡಿಗ
ಮಾಡಿದ್ದಾರೆ ಸ್ವಾಮಿ! ದ್ವಿಪಾತ್ರ ಅವರಿಗೆ ನೀರು ಕುಡಿದಷ್ಟು ಸುಲಭ. ದಿ ಮ್ಯಾಜಿಕ್ ಫ್ಲೇಮ್ (1927), ದಿ ಮಾಸ್ಕರೇಡರ್ (1933), ಆಮೇಲೆ ಎಲ್ಲಕ್ಕಿಂತ ಹೆಸರಾದ ದಿ ಪ್ರಿಸನರ್ ಆಫ್ ಝೆಂಡಾ (1937). ಝೆಂಡಾದಲ್ಲಿ ಕುಡುಕ ರಾಜ, ಅವನ ಹಾಗೇ ಕಾಣುವ ಇಂಗ್ಲಿಷ್ ಪ್ರವಾಸಿ, ಎರಡೂ ಅವರೇ.

ಆದರೆ ಎ ಟೇಲ್ ಆಫ್ ಟೂ ಸಿಟೀಸ್ (1935) ಮಾಡುವಾಗ ಇದೇ ಕೆಲಸಕ್ಕೆ ಒಲ್ಲೆ ಅಂದರು. ನಿರ್ಮಾಪಕ ಸೆಲ್ಜ್‌ನಿಕ್‌ಗೆ ಕಥೆಯಲ್ಲಿ ಒಬ್ಬರಂತೆ ಒಬ್ಬರು ಕಾಣುವ ಕಾರ್ಟನ್, ಡಾರ್ನೆ ಎರಡು ಪಾತ್ರವನ್ನೂ ಅವರಿಂದಲೇ ಮಾಡಿಸುವ ಆಸೆ. ಕೋಲ್ಮನ್ ಕಾರ್ಟನ್ ಮಾತ್ರ ಮಾಡಿದರು. ಎಷ್ಟೋ ವರ್ಷದಿಂದ ಕಾಯುತ್ತಿದ್ದ ಪಾತ್ರ ಅದು. ಅದಕ್ಕಾಗಿ ಮೀಸೆಯನ್ನೂ ತೆಗೆದರು.

ಹಳೆರೀಲು
ಆ ಚಿತ್ರದ ಕೊನೆಯನ್ನು ನೆನಪು ಮಾಡಿದ್ದಕ್ಕೆ ಥ್ಯಾಂಕ್ಸ್! ಕಾರ್ಟನ್ ಗಿಲೊಟಿನ್ (ತಲೆ ಕಡಿಯುವ ಯಂತ್ರ) ಕಡೆ ಹೋಗುತ್ತಾನೆ. ಕ್ಯಾಮೆರಾ ಅವನನ್ನು ಬಿಟ್ಟು ಮೇಲಕ್ಕೆ ಏರುತ್ತದೆ. ಗಿಲೊಟಿನ್ ದಾಟಿ, ಬರೀ ಆಕಾಶ. ಡಿಕನ್ಸ್ ಕಾದಂಬರಿಯ ಆ ಪ್ರಸಿದ್ಧ ಕೊನೆಯ ಮಾತು ಬರುವುದು ಆಗ. ಮುಖ ಇಲ್ಲ, ದನಿ ಮಾತ್ರ. ಸಿನಿಮಾದ ಅತಿ ಮುಖ್ಯ ಕ್ಷಣದಲ್ಲಿ ನಿರ್ದೇಶಕರೇ ಅವರ ಮುಖವನ್ನು ಬೇಡ ಅಂದುಕೊಂಡಿದ್ದಾರೆ. ನನ್ನ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಮೂಕಿಪ್ರೇಮಿ
ಅಲ್ಲಿಯ ತನಕ ಎರಡು ಗಂಟೆ ಆ ಮುಖ ನೋಡಿದ್ದಕ್ಕೇ ಆ ದನಿಗೆ ಬೆಲೆ. ಹೋಗಲಿ ಬಿಡಿ, ನೀವು ಬಗ್ಗಲ್ಲ.

ಇತಿಹಾಸ_ಮೇಷ್ಟ್ರು
ಎಲ್ಲರೂ ಹೊಗಳುತ್ತಿದ್ದೀರಿ. ಇದೇ ಕೋಲ್ಮನ್ 1935ರಲ್ಲಿ ಕ್ಲೈವ್ ಆಫ್ ಇಂಡಿಯಾ ಚಿತ್ರದಲ್ಲಿ ರಾಬರ್ಟ್ ಕ್ಲೈವ್ ಆಗಿದ್ದನ್ನು ಯಾಕೆ ಯಾರೂ ಹೇಳಲಿಲ್ಲ? ನನಗೆ ಆ ಚಿತ್ರ ನೋಡಿ ಮೈಯೆಲ್ಲ ಉರಿಯಿತು. ಪ್ಲಾಸಿಯಲ್ಲಿ 1757ರಲ್ಲಿ ಗೆದ್ದ ಮೇಲೆ ಮೀರ್ ಜಾಫರ್ ಕಡೆಯಿಂದ ಕ್ಲೈವ್ ಒಬ್ಬನೇ 2,34,000 ಪೌಂಡ್ ತೆಗೆದುಕೊಂಡ. ಸುಳ್ಳು ಕರಾರುಪತ್ರ ಮಾಡಿಸಿ ವ್ಯಾಪಾರಿ ಅಮೀಚಂದನಿಗೆ ಮೋಸ ಮಾಡಿದ. ಚಿತ್ರದಲ್ಲಿ ಇವನೇ ತ್ಯಾಗಿ. ಬ್ರಿಟಿಷ್ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಪಾಪದ ಮನುಷ್ಯ! ಹೆಂಡತಿಯಾಗಿ ಲೊರೆಟ್ಟಾ ಯಂಗ್ ಕಣ್ಣೀರು ಹಾಕುತ್ತಾರೆ. ಬಂಗಾಳದ ಜನ ಏನಾದರು ಅನ್ನುವುದು ಯಾರಿಗೂ ಬೇಕಾಗಿಲ್ಲ.

ದನಿ ಚೆನ್ನಾಗಿದೆ ಅಂತ ಇದನ್ನೆಲ್ಲ ಮರೆಯಲು ನನ್ನಿಂದ ಆಗಲ್ಲ.

ಕೋಣನಕುಂಟೆ_ಕೇಳುಗ
ಮೇಷ್ಟ್ರೇ, ಕಥೆ ಬರೆದವರು ಬೇರೆ ತಾನೇ? ನಟ ಏನು ಮಾಡುತ್ತಾನೆ?

ಇತಿಹಾಸ_ಮೇಷ್ಟ್ರು
ಒಲ್ಲೆ ಅನ್ನುತ್ತಾನೆ. ಮೇಲೆ ನೀವೇ ಹೇಳಿದಿರಲ್ಲ, ದ್ವಿಪಾತ್ರಕ್ಕೆ ಒಲ್ಲೆ ಅಂದರು ಅಂತ. ಪಾತ್ರ ಆರಿಸುವಷ್ಟು ಶಕ್ತಿ ಅವರಿಗಿತ್ತು.

ನಾಟಕದ_ಹುಚ್ಚು
ಮೇಷ್ಟ್ರ ಸಿಟ್ಟು ನ್ಯಾಯವಾದದ್ದು. ಅದು ಕೆಟ್ಟ ಇತಿಹಾಸ, ಚಿತ್ರವಾಗಿಯೂ ಸಪ್ಪೆ. ಆದರೆ ಕೋಲ್ಮನ್ ಜೀವನದಲ್ಲಿ ಭಾರತದ ಇನ್ನೊಂದು ಎಳೆಯೂ ಇದೆ. ಯುದ್ಧದಿಂದ ಬಂದ ಮೇಲೆ ಲಂಡನ್ ಕೊಲಿಸಿಯಂನಲ್ಲಿ 1916ರ ಜೂನ್‌ನಲ್ಲಿ ಅವರು ರಂಗಕ್ಕೆ ಬಂದದ್ದು ಯಾವ ನಾಟಕದಲ್ಲಿ ಗೊತ್ತಾ? ದಿ ಮಹಾರಾಣಿ ಆಫ್ ಅರಾಕಾನ್. ರವೀಂದ್ರನಾಥ ಟ್ಯಾಗೋರರ ಕಥೆಯಿಂದ ಜಾರ್ಜ್ ಕಾಲ್ಡರನ್ ಮಾಡಿದ ನಾಟಕ. ಅರಾಕಾನ್‌ಗೆ ಓಡಿಹೋದ ಮೊಘಲ್ ರಾಜಕುಮಾರ ಷಾ ಶುಜಾನ ಮನೆಯವರ ಕಥೆ. ಕೋಲ್ಮನ್ ಅವರದು ರಹಮತ್ ಶೇಖ್ ಅನ್ನುವ ಸಣ್ಣ ಪಾತ್ರ. ಮುಖ್ಯ ಪಾತ್ರದಲ್ಲಿ ಲೀನಾ ಆಶ್ವೆಲ್.

ಶರಾವತಿ_ದಂಡೆ
ಟ್ಯಾಗೋರರ ಕಥೆಯಿಂದ ಶುರು ಮಾಡಿ ಕ್ಲೈವ್ ತನಕ! ಇದು ಗೊತ್ತೇ ಇರಲಿಲ್ಲ.

ಮೂಕಿಪ್ರೇಮಿ
ಇನ್ನೊಂದು ಸೇರಿಸಿ. 1956ರ ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್ ಚಿತ್ರದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲರ್ ರೈಲ್ವೆಯ ಅಧಿಕಾರಿಯಾಗಿ ಒಂದು ನಿಮಿಷ ಬಂದು ಹೋಗುತ್ತಾರೆ. ರೈಲು ಹಳಿ ಇನ್ನೂ ಪೂರ್ತಿ ಆಗಿಲ್ಲ ಅಂತ ಹೇಳುವ ದೃಶ್ಯ. ಅಷ್ಟು ಹೊತ್ತಿಗೆ ವಯಸ್ಸು 65.

ಕೋಣನಕುಂಟೆ_ಕೇಳುಗ
ರೇಡಿಯೋ ಕಡೆ ಬರೋಣ, ಅದೇ ತಾನೇ ವಿಷಯ. ನಾನು ಹಳೆ ಅಮೆರಿಕನ್ ರೇಡಿಯೋ ಕಾರ್ಯಕ್ರಮಗಳನ್ನು ಬಸ್ಸಿನಲ್ಲಿ ಹೋಗುವಾಗ ಕೇಳುತ್ತಿರುತ್ತೇನೆ. ಕೋಲ್ಮನ್ ರೇಡಿಯೋದಲ್ಲಿ ಎಲ್ಲ ಥರದ್ದೂ ಮಾಡಿದ್ದಾರೆ. ಲಕ್ಸ್ ರೇಡಿಯೋ ಥಿಯೇಟರ್‌ನಲ್ಲಿ ತಮ್ಮದೇ ಚಿತ್ರಗಳ ರೇಡಿಯೋ ರೂಪ, ಲಾಸ್ಟ್ ಹೊರೈಜನ್ ಕೂಡ ಇದೆ, 1941ರದ್ದು. ಸಸ್ಪೆನ್ಸ್ ಸರಣಿಯಲ್ಲಿ 1945ರ ನವೆಂಬರ್ 1ಕ್ಕೆ ದಿ ಡನ್‌ವಿಚ್ ಹಾರರ್, ಹೆದರಿಸುವ ಕಥೆ. ಫೇವರಿಟ್ ಸ್ಟೋರಿ ಅನ್ನುವ ಸರಣಿಗೆ ನಿರೂಪಕರು. ಡೆಕ್ಕಾ ಕಂಪನಿಗೆ 1941ರಲ್ಲಿ ಡಿಕನ್ಸ್‌ನ ಕ್ರಿಸ್‌ಮಸ್ ಕಥೆ ಓದಿ ಕೊಟ್ಟರು, ಅದರಲ್ಲಿ ಇವರೇ ಸ್ಕ್ರೂಜ್.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಹಾಸ್ಯನಟ ಜ್ಯಾಕ್ ಬೆನ್ನಿಯ ರೇಡಿಯೋ ಕಾರ್ಯಕ್ರಮ. 1945ರ ಡಿಸೆಂಬರ್‌ನಿಂದ ಕೋಲ್ಮನ್ ಮತ್ತು ಅವರ ಹೆಂಡತಿ ಬೆನಿಟಾ ಹ್ಯೂಮ್ ಬೆನ್ನಿಯ ಪಕ್ಕದ ಮನೆಯವರಾಗಿ ಬರಲು ಶುರು ಮಾಡಿದರು. ಬೆನ್ನಿಯ ಪಾತ್ರ ಜಿಪುಣಾಗ್ರೇಸರ. ಸಕ್ಕರೆಯಿಂದ ಹಿಡಿದು ಎಲ್ಲವನ್ನೂ ಇವರ ಮನೆಯಿಂದ ಕಡ ಕೇಳುವವನು. ಕೋಲ್ಮನ್ ಸಭ್ಯತೆ ಬಿಡಬಾರದು, ಆದರೆ ಈ ನೆರೆಯವನನ್ನು ಕಂಡರೆ ಆಗದು. ಆ ಸಂಕಟ ಇಡೀ ಅವರ ದನಿಯಲ್ಲೇ ಕೇಳುತ್ತದೆ.

ಗಾಂಧಿಬಜಾರ್
ಆ ಆಸ್ಕರ್ ಪ್ರಸಂಗ ಇದೇ ಕಾರ್ಯಕ್ರಮದ್ದಾ? ಎಲ್ಲೋ ಓದಿದ ನೆನಪು. ಝೆಂಡಾಗೆ ಸಿಕ್ಕಿದ ಆಸ್ಕರ್ ಅಲ್ವಾ?

ಲೆಸ್ಟರ್_ಕನ್ನಡಿಗ
ಝೆಂಡಾಗೆ ಅಲ್ಲ. ಎ ಡಬಲ್ ಲೈಫ್, 1947. ಜಾರ್ಜ್ ಕ್ಯೂಕರ್ ನಿರ್ದೇಶನ. ಒಥೆಲೋ ಪಾತ್ರ ಮಾಡುತ್ತಾ ಮಾಡುತ್ತಾ ತಲೆ ಕೆಟ್ಟು ಕೊಲೆಗೆ ಇಳಿಯುವ ನಟನ ಕಥೆ. ಪ್ರಶಸ್ತಿ ಕೊಟ್ಟದ್ದು 1948ರ ಮಾರ್ಚ್ 20ಕ್ಕೆ. ಗ್ರೆಗರಿ ಪೆಕ್, ಮೈಕೆಲ್ ರೆಡ್‌ಗ್ರೇವ್ ಅಂಥವರನ್ನು ಹಿಂದೆ ಹಾಕಿ ಗೆದ್ದರು. ಆಗ ವಯಸ್ಸು 57.

ಕೋಣನಕುಂಟೆ_ಕೇಳುಗ
ಹೌದು, ಅದೇ. ಎಂಟೇ ದಿನಕ್ಕೆ, ಮಾರ್ಚ್ 28ರ ಕಾರ್ಯಕ್ರಮದಲ್ಲಿ, ಆ ಆಸ್ಕರ್ ಅನ್ನೇ ಕಥೆಗೆ ತಂದರು. ಬೆನ್ನಿ ಹೋಗಿ ಆಸ್ಕರ್ ಪ್ರತಿಮೆಯನ್ನು ಕಡ ಕೇಳುತ್ತಾನೆ. ಕೋಲ್ಮನ್ ದಂಪತಿ ಕೊಟ್ಟೂ ಬಿಡುತ್ತಾರೆ. ಮನೆಗೆ ನಡೆದು ಹೋಗುವಾಗ ದಾರಿಯಲ್ಲಿ ಕಳ್ಳ ಅಡ್ಡ ಬರುತ್ತಾನೆ. ದುಡ್ಡು ಬೇಕೋ ಪ್ರಾಣ ಬೇಕೋ ಅನ್ನುತ್ತಾನೆ. ಬೆನ್ನಿ ಮಾತೇ ಆಡುವುದಿಲ್ಲ. ರೇಡಿಯೋದಲ್ಲಿ ಮೌನ! ಸ್ಟುಡಿಯೋದಲ್ಲಿ ಕೂತವರ ನಗು ಏರುತ್ತಾ ಹೋಗುತ್ತದೆ. ಕಳ್ಳ ಮತ್ತೆ ಗದರಿದ ಮೇಲೆ, ಯೋಚಿಸುತ್ತಿದ್ದೀನಿ ಅಂತ ಬೆನ್ನಿಯ ಉತ್ತರ. ಅಮೆರಿಕದ ರೇಡಿಯೋ ಹಾಸ್ಯದಲ್ಲೇ ಇದಕ್ಕಿಂತ ಹೆಸರಾದ ಪ್ರಸಂಗ ಇಲ್ಲ. ಅಲ್ಲಿ ಕಳುವಾದದ್ದು ಕೋಲ್ಮನ್ ಆಸ್ಕರ್.

ಗಂಭೀರ ನಟನಿಗೆ ಜೀವಮಾನದ ದೊಡ್ಡ ಪ್ರಶಸ್ತಿ ಬಂದಿದೆ. ಅದನ್ನು ತಕ್ಷಣ ಹಾಸ್ಯಕ್ಕೆ ಬಿಟ್ಟುಕೊಟ್ಟ ಮನುಷ್ಯ ಎಷ್ಟು ದೊಡ್ಡವನಿರಬೇಕು.

ಧಾರವಾಡ_ಪೇಡಾ
ಈ ಎಪಿಸೋಡ್ ನಾನೂ ಕೇಳೀನಿ. ನಕ್ಕೂ ನಕ್ಕೂ ಹೊಟ್ಟಿ ಹುಣ್ಣಾತು ನೋಡ್ರಿ.

ಶರಾವತಿ_ದಂಡೆ
ಹಾಲ್ಸ್ ಆಫ್ ಐವಿ ಬಗ್ಗೆ ಯಾರಾದರೂ ಹೇಳಿ. ಹೆಸರು ಮೇಲೆ ಬಂತು, ವಿಷಯ ಬರಲಿಲ್ಲ.

ಹಳೆರೀಲು
ನಾನು ಹೇಳುತ್ತೇನೆ. ಎನ್‌ಬಿಸಿ ರೇಡಿಯೋ, 1950ರ ಜನವರಿಯಿಂದ 1952ರ ಜೂನ್ ತನಕ. ಬರೆದದ್ದು ಡಾನ್ ಕ್ವಿನ್. ಐವಿ ಅನ್ನುವ ಸಣ್ಣ ಊರಿನ ಕಾಲೇಜು, ಅದರ ಮುಖ್ಯಸ್ಥ ವಿಲಿಯಂ ಟಾಡ್‌ಹಂಟರ್ ಹಾಲ್. ಅವರ ಹೆಂಡತಿ ವಿಕ್ಟೋರಿಯಾ, ಮದುವೆಗೆ ಮೊದಲು ಸಂಗೀತ ನಾಟಕದ ನಟಿ. ನಿಜ ಜೀವನದ ಗಂಡ ಹೆಂಡತಿಯೇ ಇಲ್ಲೂ ಗಂಡ ಹೆಂಡತಿ. ಬೆನ್ನಿ ಕಾರ್ಯಕ್ರಮದಲ್ಲಿ ಇಬ್ಬರ ಮಾತುಕತೆ ಜನರಿಗೆ ಅಷ್ಟು ಹಿಡಿಸಿತ್ತು.

ಪ್ರತಿ ವಾರ ಅರ್ಧ ಗಂಟೆ. ಜನಾಂಗ ಭೇದದ ವಿಷಯ ಬರುತ್ತದೆ, ಆಡಳಿತ ಮಂಡಳಿಯವರ ಜೊತೆ ತಿಕ್ಕಾಟ ಬರುತ್ತದೆ, ಓದು ಬಿಡಲು ಹೊರಟ ವಿದ್ಯಾರ್ಥಿ ಬರುತ್ತಾನೆ. ಉಪದೇಶ ಅನ್ನಿಸುವುದಿಲ್ಲ. ಕೋಲ್ಮನ್ ಸ್ವತಃ ಒಂದು ಕಥೆ ಬರೆದರು, ಕಾಲೇಜಿಗೆ ದಾನವಾಗಿ ಬಂದ ಗೋಯಾ ಚಿತ್ರ ಅಸಲಿಯೋ ನಕಲಿಯೋ ಅನ್ನುವುದರ ಸುತ್ತ. ಒಂದು ವಿಚಿತ್ರ ಏನೆಂದರೆ ಈ ಕಾಲೇಜಿನ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟದ್ದು ಶ್ಲಿಟ್ಜ್ ಬಿಯರ್ ಕಂಪನಿ.

ಈಗ ಕೇಳಿ. ಇದೇ ಕಾರ್ಯಕ್ರಮವನ್ನು 1954ರಲ್ಲಿ ಟಿವಿಗೆ ತಂದರು. ಅದೇ ಗಂಡ, ಅದೇ ಹೆಂಡತಿ, ಅದೇ ಕಾಲೇಜು. ಒಂದೇ ಸೀಸನ್‌ಗೆ ನಿಂತು ಹೋಯಿತು. ಮುಖ ಕಂಡಾಗ ಓಡಲಿಲ್ಲ, ದನಿ ಮಾತ್ರ ಇದ್ದಾಗ ಓಡಿತು!

ಮೂಕಿಪ್ರೇಮಿ
ರೇಡಿಯೋದಿಂದ ಟಿವಿಗೆ ಬಂದು ಸೋತ ಕಾರ್ಯಕ್ರಮ ಅದೊಂದೇ ಅಲ್ಲ. ಅದನ್ನು ಅವರ ಮುಖದ ತಲೆಗೆ ಕಟ್ಟಬೇಡಿ.

ಸರಸ್ವತಿಪುರಂ
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ರೇಡಿಯೋದಲ್ಲಿ ಕಾಲೇಜು ಮೇಷ್ಟ್ರು ಅಂದ ಕೂಡಲೇ ನಮ್ಮ ಮೈಸೂರು ನೆನಪಾಯಿತು. ಅಲ್ಲಿ ಪಾತ್ರ ಮೇಷ್ಟ್ರದ್ದು, ಇಲ್ಲಿ ನಿಜವಾದ ಮೇಷ್ಟ್ರೇ ರೇಡಿಯೋ ನಡೆಸಿದರು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ದೇಶಕ್ಕೆಲ್ಲ ಹೋಯಿತು.

ಶರಾವತಿ_ದಂಡೆ
ಆಹಾ, ಇದಕ್ಕೇ ಒಂದು ಚರ್ಚೆ ತೆಗೆಯಬೇಕು. ಧಾರವಾಡ, ಬೆಂಗಳೂರು ಕೇಂದ್ರದ ರೇಡಿಯೋ ನಾಟಕಗಳನ್ನು ಕೇಳಿ ಬೆಳೆದವರು ನಾವು. ಎಷ್ಟೋ ಕಲಾವಿದರ ಮುಖ ಇವತ್ತಿಗೂ ನೋಡಿಲ್ಲ, ದನಿ ಕೇಳಿದರೆ ಈಗಲೂ ಗುರುತು ಹಿಡಿಯುತ್ತೇನೆ.

ಧಾರವಾಡ_ಪೇಡಾ
ನಮ್ಮ ಅವ್ವ ನಾಟಕ ಬರೋ ಹೊತ್ತಿಗೆ ರೊಟ್ಟಿ ಬಡಿಯೋದು ನಿಲ್ಲಿಸ್ತಿದ್ಲು. ಸಪ್ಪಳ ಆಗಬಾರದು ಅಂತ.

ನಿರ್ವಾಹಕರು
ಮೈಸೂರು ಮತ್ತು ಧಾರವಾಡದ ರೇಡಿಯೋ ನಾಟಕಗಳಿಗೆ ಬೇರೆ ಚರ್ಚೆ ತೆರೆದಿದ್ದೇವೆ. ದಯವಿಟ್ಟು ಇಲ್ಲಿ ಕೋಲ್ಮನ್ ಬಗ್ಗೆ ಮಾತ್ರ ಬರೆಯಿರಿ.

ಕ್ರಿಕೆಟ್_ಮಾಮ
ಝೆಂಡಾದಲ್ಲಿ ವಯಸ್ಸಾದ ಕರ್ನಲ್ ಝಾಪ್ಟ್ ಪಾತ್ರ ಮಾಡಿದ ಸಿ. ಆಬ್ರೆ ಸ್ಮಿತ್ ಇದ್ದಾರಲ್ಲ, ಅವರು ಇಂಗ್ಲೆಂಡ್ ಟೆಸ್ಟ್ ತಂಡದ ನಾಯಕ! 1889ರಲ್ಲಿ ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್‌ನಲ್ಲಿ. ಆಡಿದ್ದು ಅದೊಂದೇ ಟೆಸ್ಟ್, ಮೊದಲ ಇನ್ನಿಂಗ್ಸ್‌ನಲ್ಲಿ 19 ರನ್‌ಗೆ 5 ವಿಕೆಟ್. 1932ರಲ್ಲಿ ಹಾಲಿವುಡ್ ಕ್ರಿಕೆಟ್ ಕ್ಲಬ್ ಕಟ್ಟಿದವರೂ ಅವರೇ. ನಿರ್ವಾಹಕರೇ, ಇದು ಕೋಲ್ಮನ್ ಚಿತ್ರದ ಬಗ್ಗೆಯೇ, ಅಳಿಸಬೇಡಿ.

ಮಂಗಳೂರು_ಮಳೆ
ಮಾರಾಯ್ರೆ, ಎಲ್ಲರೂ ಹೇಳಿದ್ದು ಸರಿ, ಆದರೆ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಯಾಕೆ ಮರೆತುಹೋದರು? ನನ್ನ ಪ್ರಕಾರ ರೇಡಿಯೋ ಕಾರಣ ಅಲ್ಲವೇ ಅಲ್ಲ.

ಒಂದು, ಅವರು ಸುದ್ದಿಯಲ್ಲಿ ಇರಲು ಇಷ್ಟಪಡಲಿಲ್ಲ. 1932ರಲ್ಲಿ ಗೋಲ್ಡ್ವಿನ್ ಅವರ ಪ್ರಚಾರದವರು, ಪ್ರಣಯ ದೃಶ್ಯಕ್ಕೆ ಮೊದಲು ಕೋಲ್ಮನ್ ಕುಡಿದಿರುತ್ತಾರೆ ಅನ್ನುವ ಅರ್ಥ ಬರುವ ಹಾಗೆ ಸುದ್ದಿ ಹಬ್ಬಿಸಿದರು. ಆಗಿನ ಬೇರೆ ಸ್ಟಾರ್ ಆಗಿದ್ದರೆ ನಕ್ಕು ಬಿಡುತ್ತಿದ್ದ. ಇವರು 20 ಲಕ್ಷ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿದರು. ಆಮೇಲೆ ಗೋಲ್ಡ್ವಿನ್ ಜೊತೆ ಮತ್ತೆ ಕೆಲಸ ಮಾಡಲೇ ಇಲ್ಲ. ಮಗಳು ಜೂಲಿಯೆಟ್ 1975ರಲ್ಲಿ ಅಪ್ಪನ ಜೀವನಚರಿತ್ರೆ ಬರೆದಾಗಲೂ ಹೆಸರಿನಲ್ಲೇ ತನ್ನ ಪಾಡಿಗೆ ತಾನಿರುವ ಮನುಷ್ಯ ಅಂತ ಇಟ್ಟಳು.

ಇನ್ನೊಂದು, ಬಿಟ್ಟ ಪಾತ್ರಗಳು. ಹಿಚ್‌ಕಾಕ್ ಅವರ ರೆಬೆಕಾ (1940) ಮೊದಲು ಹೋದದ್ದು ಇವರ ಹತ್ತಿರ. ಬೇಡ ಅಂದರು. ಲಾರೆನ್ಸ್ ಒಲಿವಿಯರ್ ಮಾಡಿದರು, ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಹೋಯಿತು. ಇವತ್ತೂ ಜನ ನೋಡುವ ಒಂದು ಹಿಚ್‌ಕಾಕ್ ಚಿತ್ರದಲ್ಲಿ ಇದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಲೆಸ್ಟರ್_ಕನ್ನಡಿಗ
ಅದೇ ವರ್ಷ ಒಲಿವಿಯರ್ ಮತ್ತು ವಿವಿಯನ್ ಲೀ ಮದುವೆಯಾದದ್ದು ಕೋಲ್ಮನ್ ಪಾಲುದಾರರಾಗಿದ್ದ ಸ್ಯಾನ್ ಇಸಿಡ್ರೊ ರಾಂಚ್‌ನಲ್ಲಿ. ಪಾತ್ರ ಬಿಟ್ಟುಕೊಟ್ಟು, ಮದುವೆಗೂ ಜಾಗ ಕೊಟ್ಟರು.

ನಾಟಕದ_ಹುಚ್ಚು
ಮಂಗಳೂರಿನವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಅವರ ನಟನೆ ಯಾರಿಗೂ ಮಿಮಿಕ್ರಿಗೆ ಸಿಗದ ಥರದ್ದು ಅಂತಲ್ಲ, ಬೇಕಾದಷ್ಟು ಜನ ಆ ದನಿ ಅನುಕರಿಸಿದ್ದಾರೆ. ಆದರೆ ಅವರು ಮಾಡಿದ ಥರದ ಮನುಷ್ಯನೇ ಸಿನಿಮಾದಿಂದ ಮಾಯವಾದ. ಯುದ್ಧದಲ್ಲಿ ಪೆಟ್ಟು ತಿಂದವನು, ಅದನ್ನು ಹೇಳಿಕೊಳ್ಳದವನು. ರ‍್ಯಾಂಡಮ್ ಹಾರ್ವೆಸ್ಟ್ (1942) ನೋಡಿ. ಮೊದಲ ಯುದ್ಧದಲ್ಲಿ ನೆನಪು ಕಳೆದುಕೊಂಡ ಸೈನಿಕ. ಶುರುವಿನಲ್ಲಿ ಅವನಿಗೆ ಮಾತೇ ಸರಿಯಾಗಿ ಬರುವುದಿಲ್ಲ, ತೊದಲುತ್ತಾನೆ. ಇಡೀ ಹಾಲಿವುಡ್‌ನ ಅತ್ಯಂತ ಚೆಂದದ ದನಿ ಇರುವ ನಟ, ಒಂದು ಪದ ಹೊರಡಿಸಲು ಒದ್ದಾಡುತ್ತಾನೆ. ಗ್ರೀರ್ ಗಾರ್ಸನ್ ಎದುರಿಗೆ ಕೂತು ಕಾಯುತ್ತಾಳೆ. ಆಗ ಅವರಿಗೆ 51, ಪಾತ್ರ ಅದಕ್ಕಿಂತ ಎಷ್ಟೋ ಚಿಕ್ಕದು. ಆದರೂ ನಂಬುತ್ತೇವೆ, ಯಾಕೆಂದರೆ ಅವರು ಆ ಯುದ್ಧಕ್ಕೆ ಹೋಗಿ ಬಂದವರು.

ಮೂಕಿಪ್ರೇಮಿ
ಇದು ನನ್ನ ಪರವಾದ ಸಾಕ್ಷಿ! ಆ ದೃಶ್ಯದಲ್ಲಿ ಮಾತು ಹೊರಡದೆ ಇರುವಾಗ ಅಭಿನಯ ಎಲ್ಲಿದೆ? ಕಣ್ಣಿನಲ್ಲಿದೆ. ಪಕ್ಕಾ ಮೂಕಿ ನಟನೆ ಅದು.

ಹಳೆರೀಲು
ತೊದಲು ಯಾವುದರಲ್ಲಿದೆ? ದನಿಯಲ್ಲಿದೆ.

ಗಾಂಧಿಬಜಾರ್
ಮತ್ತೆ ಶುರುವಾಯಿತು! ನೋಡಿ, ಹೊಸಬ ನಾನು, ಒಂದೇ ಒಂದು ಹೇಳಿ. ಎಲ್ಲಿಂದ ಶುರು ಮಾಡಲಿ?

ಕೋಣನಕುಂಟೆ_ಕೇಳುಗ
ಮಾರ್ಚ್ 28, 1948ರ ಜ್ಯಾಕ್ ಬೆನ್ನಿ. ಅರ್ಧ ಗಂಟೆ ಅಷ್ಟೇ.

ಮೂಕಿಪ್ರೇಮಿ
ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್. ದಿ ಡಾರ್ಕ್ ಏಂಜೆಲ್ (1925) ಹೇಳುತ್ತಿದ್ದೆ, ಯುದ್ಧದಲ್ಲಿ ಕಣ್ಣು ಕಳೆದುಕೊಂಡವನ ಪಾತ್ರ, ಆದರೆ ಅದರ ಪ್ರತಿ ಉಳಿದಿಲ್ಲ.

ಮಂಗಳೂರು_ಮಳೆ
ಕ್ವಿಜ್ ಇಷ್ಟ ಇದ್ದರೆ ಶಾಂಪೇನ್ ಫಾರ್ ಸೀಸರ್ (1950). ರೇಡಿಯೋ, ಟಿವಿ ಕ್ವಿಜ್‌ಗಳನ್ನು ಕಂಡರಾಗದ ಮಹಾ ಓದುಗ ಒಬ್ಬ ಅದೇ ಕ್ವಿಜ್‌ಗೆ ಹೋಗಿ ಸೋಪು ಕಂಪನಿಯನ್ನೇ ಮುಳುಗಿಸಲು ಹೊರಡುತ್ತಾನೆ. ಸೋಪು ಕಂಪನಿಯ ಯಜಮಾನ ವಿನ್ಸೆಂಟ್ ಪ್ರೈಸ್. ಕೋಲ್ಮನ್‌ಗೆ ಹಾಸ್ಯ ಎಷ್ಟು ಸಲೀಸು ಅಂತ ಇದರಲ್ಲಿ ಗೊತ್ತಾಗುತ್ತದೆ.

ಇತಿಹಾಸ_ಮೇಷ್ಟ್ರು
ಕ್ಲೈವ್ ಬಿಟ್ಟು ಯಾವುದಾದರೂ ನೋಡಿ. ನನ್ನ ಮಟ್ಟಿಗೆ ರ‍್ಯಾಂಡಮ್ ಹಾರ್ವೆಸ್ಟ್.

ಗಾಂಧಿಬಜಾರ್
ಬೆನ್ನಿ ಕೇಳಿ ಬಂದೆ. ಕಳ್ಳ ಬರುವ ಮೊದಲು, ಬೆನ್ನಿ ಬಾಗಿಲಿಗೆ ಬಂದಿದ್ದಾನೆ ಅಂತ ಗೊತ್ತಾದಾಗ ಕೋಲ್ಮನ್ ಮಾತು ಕೇಳಿದಿರಾ? ಇವರ ಮುಖ ಹೇಗಿದೆ ಅಂತ ನನಗೆ ಇನ್ನೂ ಗೊತ್ತಿಲ್ಲ, ಫೋಟೋ ಕೂಡ ನೋಡಿಲ್ಲ. ಆದರೂ ಹುಬ್ಬು ಗಂಟಿಕ್ಕಿದ್ದು ಕಂಡಿತು.

ಹಳೆರೀಲು
@ಮೂಕಿಪ್ರೇಮಿ, ನೋಡಿದಿರಾ?

ಮೂಕಿಪ್ರೇಮಿ
ನೋಡಿದೆ. ಹುಬ್ಬು ಅಂದರು ಅವರು, ಗಂಟಲು ಅನ್ನಲಿಲ್ಲ. ಗಾಂಧಿಬಜಾರ್ ಅವರೇ, ಇವತ್ತು ರಾತ್ರಿ ಲುಬಿಟ್ಶ್ ಚಿತ್ರ ನೋಡಿ ನಾಳೆ ಇಲ್ಲಿಗೇ ಬನ್ನಿ.